ಅಂಗ್‌ಕೋರ್ ಅರ್ಧ ದಿನದ ಕೆಲಸವಲ್ಲ

ಮಾನ್ಯ ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ ಕಾಂಬೋಡಿಯಾ ಪ್ರವಾಸದ ಲೇಖನ ಓದಿದೆ. ಚಿತ್ರಗಳು ಚೆನ್ನಾಗಿ ಬಂದಿವೆ. ಆದರೆ ಅದರಲ್ಲಿರುವ ಎರಡು ಮಾತುಗಳನ್ನು ನಂಬಿ ಹೊರಟವರು ಕೆಡುತ್ತಾರೆ: ಕಾಂಬೋಡಿಯಾದ ಖಮೇರ್ ಅರಸರ ಹಳೆಯ ರಾಜಧಾನಿಯ ದೇವಾಲಯಗಳಿರುವ ಅಂಗ್‌ಕೋರ್‌ಗೆ ಅರ್ಧ ದಿನ ಸಾಕು ಎಂಬುದು ಒಂದು, ವಿಮಾನ ನಿಲ್ದಾಣದಿಂದ ಅದರ ಹತ್ತಿರದ ಸಿಯೆಮ್ ರೀಪ್ ಪೇಟೆಗೆ ಕಾಲು ಗಂಟೆಯ ದಾರಿ ಎಂಬುದು ಇನ್ನೊಂದು. ಮೊದಲನೆಯದು ಟ್ರಾವೆಲ್ಸ್‌ನವರ ಕರಪತ್ರದ ಭಾಷೆ. ವಿಯೆಟ್ನಾಂ, ಕಾಂಬೋಡಿಯಾ ಒಟ್ಟು ಸೇರಿಸಿದ ಪ್ಯಾಕೇಜುಗಳಲ್ಲಿ ಅಂಗ್‌ಕೋರ್‌ಗೆ ಸಿಗುವುದು ಬೆಳಗ್ಗಿನ ತಿಂಡಿಗೂ ಮಧ್ಯಾಹ್ನದ ಊಟಕ್ಕೂ ನಡುವಿನ ಹೊತ್ತು ಮಾತ್ರ. ಎರಡನೆಯದು ಹಳೆಯ ಮಾಹಿತಿ. ಪೇಟೆಗೆ ಅಂಟಿಕೊಂಡಿದ್ದ ಹಳೆಯ ನಿಲ್ದಾಣ ಮುಚ್ಚಿ, 2023ರ ಅಕ್ಟೋಬರ್‌ನಿಂದ ವಿಮಾನಗಳು ಇಳಿಯುವುದು ಪೂರ್ವಕ್ಕೆ ಸುಮಾರು 50 ಕಿಲೋಮೀಟರ್ ದೂರದ ಹೊಸ ನಿಲ್ದಾಣದಲ್ಲಿ. ಪೇಟೆ ಮುಟ್ಟಲು ಒಂದು ಗಂಟೆ ಹಿಡಿಯುತ್ತದೆ. ಮರಳುವ ದಿನ ‘ಹತ್ತಿರವೇ ಅಲ್ಲವೇ’ ಎಂದು ರೂಮಿನಲ್ಲಿ ಕುಳಿತವರಿಗೆ ವಿಮಾನ ತಪ್ಪುತ್ತದೆ.

ಮೊದಲು ಟಿಕೆಟ್ಟಿನ ಲೆಕ್ಕ ನೋಡೋಣ. ಒಂದು ದಿನದ ಪಾಸಿಗೆ 37 ಡಾಲರ್, ಮೂರು ದಿನದ್ದಕ್ಕೆ 62, ಏಳು ದಿನದ್ದಕ್ಕೆ 72. ಅಂದರೆ ಎರಡನೇ ಮತ್ತು ಮೂರನೇ ದಿನ ಒಟ್ಟು 25 ಡಾಲರಿಗೆ ಸಿಕ್ಕಿದ ಹಾಗೆ. ಮೂರು ದಿನ ಬೆನ್ನುಬೆನ್ನಿಗೆ ಹೋಗಬೇಕೆಂದಿಲ್ಲ, ಹತ್ತು ದಿನದೊಳಗೆ ಯಾವ ಮೂರು ದಿನವಾದರೂ ಆಗುತ್ತದೆ. 12 ವರ್ಷದೊಳಗಿನ ಮಕ್ಕಳಿಗೆ ಪಾಸ್ ಬೇಡ, ಆದರೆ ವಯಸ್ಸು ತೋರಿಸಲು ಪಾಸ್‌ಪೋರ್ಟ್ ಕೈಯಲ್ಲಿರಬೇಕು. ಪಾಸಿನ ಮೇಲೆ ಕೊಂಡವರ ಫೋಟೊ ಇರುತ್ತದೆ, ಪ್ರತಿ ದೇವಾಲಯದ ಬಾಗಿಲಲ್ಲೂ ನೋಡುತ್ತಾರೆ. ಒಬ್ಬರದ್ದು ಇನ್ನೊಬ್ಬರಿಗೆ ನಡೆಯುವುದಿಲ್ಲ. ದೇವಾಲಯದ ಬಾಗಿಲಲ್ಲಿ ಪಾಸ್ ಮಾರುವುದೂ ಇಲ್ಲ. ಪೇಟೆಯ ಹೊರಗಿನ ಟಿಕೆಟ್ ಕೇಂದ್ರದಲ್ಲಿ ಅಥವಾ ಪಾಸ್ ಮಾರುವ ಸಂಸ್ಥೆಯಾದ ಅಂಗ್‌ಕೋರ್ ಎಂಟರ್‌ಪ್ರೈಸ್‌ನ ಅಧಿಕೃತ ಜಾಲತಾಣದಲ್ಲಿ ಕೊಳ್ಳಬೇಕು. ಇದು ತಿಳಿಯದೆ ಬೆಳಗ್ಗೆ ಐದಕ್ಕೆ ನೇರ ಸೂರ್ಯೋದಯಕ್ಕೆ ಹೋದವರನ್ನು ವಾಪಸು ಕಳಿಸುತ್ತಾರೆ, ಅಷ್ಟರಲ್ಲಿ ಸೂರ್ಯ ಮೇಲೆ ಬಂದಿರುತ್ತಾನೆ. ಕೇಂದ್ರ ಮುಚ್ಚುವುದು ಸಂಜೆ ಐದೂವರೆಗೆ. ಐದರ ಬಳಿಕ ಕೊಂಡ ಪಾಸು ಮರುದಿನದ ಲೆಕ್ಕಕ್ಕೆ ಸೇರುತ್ತದೆ, ಆ ಸಂಜೆಯ ಸೂರ್ಯಾಸ್ತ ಪುಕ್ಕಟೆ. ಮುಟ್ಟಿದ ದಿನ ಸಂಜೆಯೇ ಈ ಕೆಲಸ ಮುಗಿಸಿಕೊಂಡರೆ ಒಳ್ಳೆಯದು.

ಇನ್ನು ಅರ್ಧ ದಿನ ಯಾಕೆ ಸಾಲದು ಎಂಬುದು. ಹನ್ನೆರಡನೇ ಶತಮಾನದ ಮೊದಲರ್ಧದಲ್ಲಿ ಖಮೇರ್ ಅರಸ ಎರಡನೇ ಸೂರ್ಯವರ್ಮನು ವಿಷ್ಣುವಿಗೆಂದು ಕಟ್ಟಿಸಿದ ಅಂಗ್‌ಕೋರ್ ವಾಟ್ ಗುಡಿ ಪಶ್ಚಿಮಕ್ಕೆ ಮುಖ ಮಾಡಿದೆ. ಕಂದಕದ ಅಗಲವೇ 190 ಮೀಟರ್. ಅದನ್ನು ದಾಟಿ ಹೊರಗೋಪುರ ಹೊಕ್ಕರೆ ಮುಂದೆ ಇನ್ನೂ 350 ಮೀಟರ್ ಕಲ್ಲುಹಾಸಿನ ದಾರಿ. ಹೋಗಿ ಬರುವುದಕ್ಕೇ ಒಂದು ಕಿಲೋಮೀಟರ್ ಮೀರುತ್ತದೆ. ಉಬ್ಬುಶಿಲ್ಪಗಳಿರುವ ಹೊರಮೊಗಸಾಲೆಯ ಸುತ್ತಳತೆ ಸುಮಾರು 800 ಮೀಟರ್, ಅದೂ ನಿಂತು ನಿಂತು ನೋಡುವಂಥದ್ದು. ಎರಡೂವರೆ, ಮೂರು ಗಂಟೆ ಇದೊಂದಕ್ಕೇ ಬೇಕು.

ಇಲ್ಲಿ ನಮ್ಮವರು ಮಾಡುವ ತಪ್ಪೊಂದಿದೆ. ದೇವಸ್ಥಾನ ಎಂದ ಕೂಡಲೇ ಕಾಲು ತಾನಾಗಿ ಪ್ರದಕ್ಷಿಣೆಗೆ ತಿರುಗುತ್ತದೆ. ಪಶ್ಚಿಮದ ಬಾಗಿಲಿಂದ ಒಳಗೆ ಹೋಗಿ ಎಡಕ್ಕೆ ಹೊರಳಿದರೆ ಲಂಕಾ ಯುದ್ಧ ಮೊದಲು ಸಿಗುತ್ತದೆ, ಆಮೇಲೆ ಉತ್ತರ ಮತ್ತು ಈಶಾನ್ಯದ ಭಾಗ. ಈಶಾನ್ಯ ಮೂಲೆಯ ಎರಡು ಪಟ್ಟಿಗಳು ನಾಲ್ಕು ಶತಮಾನ ತಡವಾಗಿ, 16ನೇ ಶತಮಾನದಲ್ಲಿ ಕೊರೆದವು. ಬಾಣಾಸುರನೊಡನೆ ಕೃಷ್ಣನ ಯುದ್ಧ ಇರುವುದು ಅಲ್ಲೇ, ಆದರೆ ಉಳಿಯ ಕೆಲಸ ಒರಟು. ಅದನ್ನು ನೋಡಿ ಬೇಸತ್ತವರು ಸಮುದ್ರಮಥನದ ಹೊತ್ತಿಗೆ ಕಾಲು ಎಳೆಯುತ್ತಿರುತ್ತಾರೆ. ಈ ಶಿಲ್ಪಗಳು ಓಡುವುದೇ ಅಪ್ರದಕ್ಷಿಣೆಯಾಗಿ. ಇದು ರಾಜನ ಅಂತ್ಯಸಂಸ್ಕಾರಕ್ಕೆ ಸಂಬಂಧಿಸಿದ ಗುಡಿಯಾಗಿದ್ದಿರಬೇಕು ಎಂದು ಕೆಲವು ವಿದ್ವಾಂಸರು ಹೇಳುವುದಕ್ಕೆ ಇದೂ ಒಂದು ಕಾರಣ. ಆದ್ದರಿಂದ ಬಲಕ್ಕೆ ತಿರುಗಿ, ಗುಡಿಯನ್ನು ಎಡಕ್ಕಿಟ್ಟುಕೊಂಡು ನಡೆಯಿರಿ. ದೋಷ ಏನೂ ಬಾರದು.

ಬಲಕ್ಕೆ ತಿರುಗಿದರೆ ಕುರುಕ್ಷೇತ್ರ. ಸುಮಾರು 49 ಮೀಟರ್ ಉದ್ದದ ಒಂದೇ ಗೋಡೆ. ಎಡದಿಂದ ಕೌರವರು, ಬಲದಿಂದ ಪಾಂಡವರು, ನಡುವೆ ಕೈಗೆ ಕೈ ಹತ್ತಿದ ಕಾಳಗ. ಕೆಳಸಾಲಿನಲ್ಲಿ ಕಾಲಾಳುಗಳ ಹೆಜ್ಜೆ ಒಂದೇ ತಾಳಕ್ಕೆ ಬೀಳುತ್ತದೆ, ನಡುವಿಗೆ ಬಂದಂತೆ ತಾಳ ತಪ್ಪಿ ಮೈಮೇಲೆ ಮೈ ಬೀಳುತ್ತದೆ. ಎಡತುದಿಯ ಕಡೆ ಮೇಲ್ಭಾಗದಲ್ಲಿ ಶರಶಯ್ಯೆಯ ಭೀಷ್ಮನನ್ನು ಹುಡುಕಿ. ಕುಂಬಳೆ ಸೀಮೆಯಲ್ಲಿ ತಾಳಮದ್ದಲೆ ಕೇಳಿ ಬೆಳೆದವರಿಗೆ ಭೀಷ್ಮನನ್ನು ಯಾರೂ ತೋರಿಸಿಕೊಡಬೇಕಿಲ್ಲ. ಗೈಡ್ ಬಳಿ ಮೊದಲೇ ಹೇಳಿಬಿಡಿ: ಮಹಾಭಾರತ, ರಾಮಾಯಣದ ಕತೆ ಬೇಡ, ಖಮೇರ್ ಇತಿಹಾಸ ಹೇಳು ಎಂದು. ಇಲ್ಲವಾದರೆ ಗೊತ್ತಿದ್ದ ಕತೆಯನ್ನೇ ಅರೆಬರೆ ಇಂಗ್ಲಿಷಿನಲ್ಲಿ ಕೇಳಿ ಅರ್ಧ ಗಂಟೆ ಹೋಗುತ್ತದೆ. ಗೈಡ್ ನಿಜಕ್ಕೂ ಬೇಕಾಗುವುದು ದಕ್ಷಿಣದ ಮೊಗಸಾಲೆಯಲ್ಲಿ. ಅಲ್ಲಿ ಸೂರ್ಯವರ್ಮನೇ ದರ್ಬಾರು ನಡೆಸುತ್ತಾನೆ, ಅವನ ಸೇನಾಪತಿಗಳು ಆನೆಯ ಮೇಲೆ ಸಾಲುಗಟ್ಟಿದ್ದಾರೆ, ಹೆಸರುಗಳನ್ನು ಪಕ್ಕದಲ್ಲೇ ಕೊರೆದಿದ್ದಾರೆ. ಅದರಾಚೆ 37 ಸ್ವರ್ಗ, 32 ನರಕ, ಕೋಣವೇರಿದ ಯಮ, ತೀರ್ಪು ಹೇಳುವ ಚಿತ್ರಗುಪ್ತ. ನರಕದ ಸಾಲಿನಲ್ಲಿ ಯಾವ ಪಾಪಕ್ಕೆ ಯಾವ ಶಿಕ್ಷೆ ಎಂಬುದೂ ಬರೆದಿದೆ.

ಸೂರ್ಯೋದಯ ನೋಡಿದ ಜನ ತಿಂಡಿಗೆಂದು ಪೇಟೆಗೆ ವಾಪಸು ಹೋಗುತ್ತಾರೆ. ಆರೂವರೆಯಿಂದ ಎಂಟರವರೆಗೆ ಮೊಗಸಾಲೆ ಖಾಲಿ, ಆ ಹೊತ್ತನ್ನು ಬಿಡಬೇಡಿ. ತಿಂಡಿ ಕಟ್ಟಿಸಿಕೊಂಡು ಹೋಗಿ. ಕುರುಕ್ಷೇತ್ರದಿಂದ ಹೊರಟು ದಕ್ಷಿಣ ಮುಗಿಸಿ ಪೂರ್ವಕ್ಕೆ ತಿರುಗುವ ಹೊತ್ತಿಗೆ ಬೆಳಗಿನ ಬಿಸಿಲು ಸಮುದ್ರಮಥನದ ಗೋಡೆಯ ಕಡೆಗೆ ಓರೆಯಾಗಿ ಬೀಳುತ್ತಿರುತ್ತದೆ. 92 ಅಸುರರು ಒಂದು ಕಡೆ, 88 ದೇವತೆಗಳು ಇನ್ನೊಂದು ಕಡೆ, ನಡುವೆ ವಿಷ್ಣು, ಅಡಿಯಲ್ಲಿ ಕೂರ್ಮ. ದೇವತೆಗಳ ಸಾಲಿನ ಕೊನೆಗೆ ವಾಸುಕಿಯ ಬಾಲ ಹಿಡಿದವನು ಒಬ್ಬ ಕಪಿ, ಹನುಮಂತ ಎನ್ನುತ್ತಾರೆ. ಸಮುದ್ರಮಥನದಲ್ಲಿ ಹನುಮಂತನಿಗೇನು ಕೆಲಸ ಎಂದು ನಮ್ಮ ತಾಳಮದ್ದಲೆಯ ಅರ್ಥಧಾರಿಗಳು ಜಗಳ ತೆಗೆಯಬಹುದು. ಖಮೇರ್ ಶಿಲ್ಪಿ ಕೇಳಿದ ಕತೆ ಹಾಗಿತ್ತು, ಅಷ್ಟೇ. ಮಥನದ ಕೆಳಗೆ ನೀರಿನಲ್ಲಿ ಮೀನು, ಮೊಸಳೆಗಳಿವೆ. ನಡುವಿನ ಹತ್ತಿರ ಬಂದವು ಸೆಳೆತಕ್ಕೆ ಸಿಕ್ಕಿ ತುಂಡಾಗಿವೆ. ಬಗ್ಗಿ ನೋಡಿ. ಕೈ ಮಾತ್ರ ಇಡಬೇಡಿ, ಬೆವರು ಮತ್ತು ಉಪ್ಪು ಈ ಮರಳುಗಲ್ಲಿಗೆ ಆಗದು. ಬಾವಲಿಗಳ ಹಿಕ್ಕೆಯ ಉಪ್ಪಿನಿಂದಲೇ ಕಂಬಗಳ ಬುಡ ಪದರ ಪದರವಾಗಿ ಎದ್ದಿದೆ.

ಸುತ್ತು ಮುಗಿಯುವಾಗ ಲಂಕಾ ಯುದ್ಧ ಸಿಗುತ್ತದೆ. ರಾಮ ನಿಂತಿರುವುದು ಹನುಮಂತನ ಹೆಗಲ ಮೇಲೆ, ಹಿಂದೆ ಲಕ್ಷ್ಮಣ, ವಿಭೀಷಣ. ಎದುರಿಗೆ ಹತ್ತು ತಲೆ, ಇಪ್ಪತ್ತು ತೋಳಿನ ರಾವಣ. ಪಶ್ಚಿಮದ ಗೋಡೆಯಾದ್ದರಿಂದ ಇದಕ್ಕೆ ಮಧ್ಯಾಹ್ನದ ಬೆಳಕು ಒಳ್ಳೆಯದು, ಮೂರು ದಿನದ ಪಾಸ್ ಇದ್ದವರು ಇನ್ನೊಂದು ಸಂಜೆ ಬಂದು ಇದನ್ನು ನೋಡಬಹುದು. ಗುಡಿಯ ಮುಂಭಾಗದ ಫೋಟೊ ಕೂಡ ಬೆಳಗ್ಗೆ ಕಪ್ಪಗೆ ಬರುತ್ತದೆ, ಸೂರ್ಯ ಹಿಂದಿನಿಂದ ಬರುವುದಲ್ಲವೇ. ನಾಲ್ಕು ಗಂಟೆಯ ಮೇಲೆ ತೆಗೆದರೆ ಕಲ್ಲಿನ ಬಣ್ಣ ಕಾಣುತ್ತದೆ.

ಮೇಲಿನ ಅಂತಸ್ತಿಗೆ ಬಕಾನ್ ಎಂದು ಹೆಸರು. ಐದು ಗೋಪುರಗಳು ಇರುವುದು ಅಲ್ಲಿ, ನಡುವಿನದು ನೆಲದಿಂದ 65 ಮೀಟರ್. ಹಳೆಯ ಕಲ್ಲುಮೆಟ್ಟಿಲು ಗೋಡೆಯಷ್ಟು ಕಡಿದಾಗಿದೆ, ಈಗ ಹತ್ತುವುದು ಮರದ ಮೆಟ್ಟಿಲಲ್ಲಿ. ಒಮ್ಮೆಗೆ ನೂರು ಜನರನ್ನು ಬಿಡುತ್ತಾರೆ, ಸಾಲು ಕಾಯಬೇಕು. 12ರ ಒಳಗಿನವರಿಗೆ ಪ್ರವೇಶವಿಲ್ಲ. ಭುಜ, ಮೊಣಕಾಲು ಮುಚ್ಚಿರಬೇಕು. ತೋಳಿಲ್ಲದ ಉಡುಪಿನ ಮೇಲೆ ಶಾಲು ಹೊದ್ದು ಹೋದರೆ ಬಾಗಿಲಲ್ಲಿ ತಡೆಯುತ್ತಾರೆ, ಟೋಪಿಯೂ ತೆಗೆಯಬೇಕು. ಮುಂಡು ಉಟ್ಟು ಹೋಗಲು ಅಡ್ಡಿಯಿಲ್ಲ, ಮೇಲಕ್ಕೆ ಮಡಚಿ ಕಟ್ಟುವ ನಮ್ಮ ಅಭ್ಯಾಸಕ್ಕೆ ಅಡ್ಡಿಯಿದೆ. ಪುರವಣಿಯ ಲೇಖನದಲ್ಲಿ ಇಲ್ಲದ ಒಂದು ಮಾತು: ಬೌದ್ಧರ ಶೀಲದಿನಗಳಲ್ಲಿ ಬಕಾನ್ ಮುಚ್ಚಿರುತ್ತದೆ. ತಿಂಗಳಿಗೆ ನಾಲ್ಕು ದಿನ ಬರುವ ಆ ಶೀಲದಿನಗಳು ನಮ್ಮ ಎರಡು ಅಷ್ಟಮಿ, ಹುಣ್ಣಿಮೆ, ಅಮಾವಾಸ್ಯೆಗಳೇ. ಟಿಕೆಟ್ ಮಾಡುವ ಮೊದಲು ಗೋಡೆಯ ಪಂಚಾಂಗ ನೋಡಿ. ಎರಡು ಲೆಕ್ಕಗಳ ನಡುವೆ ಒಂದು ದಿನ ಆಚೀಚೆ ಆಗಬಹುದಾದ್ದರಿಂದ ಹಿಂದಿನ, ಮುಂದಿನ ದಿನವನ್ನೂ ಬಿಟ್ಟು ಇಟ್ಟುಕೊಳ್ಳಿ.

ಹಬ್ಬಗಳ ಲೆಕ್ಕವೂ ಹೀಗೆಯೇ. ಖಮೇರ್ ಹೊಸ ವರ್ಷ ಬರುವುದು ನಮ್ಮ ವಿಷುವಿನ ಆಸುಪಾಸು, ಏಪ್ರಿಲ್ ನಡುವಿನಲ್ಲಿ, ಅದೇ ಮೇಷ ಸಂಕ್ರಮಣದ ಲೆಕ್ಕಕ್ಕೆ. ಊರಿನ ಶಾಲೆಗೆ ರಜೆ ಇದೆ ಎಂದು ಆಗ ಹೋದರೆ ವರ್ಷದ ಅತಿ ಸೆಕೆಯ ಕಾಲ, ಅಂಗಡಿ ಮುಚ್ಚಿರುತ್ತದೆ, ದಾರಿಯಲ್ಲಿ ನೀರೆರಚುವವರಿರುತ್ತಾರೆ. ನಮ್ಮ ಪಿತೃಪಕ್ಷದ ಹದಿನೈದು ದಿನ ಅಲ್ಲಿ ಪ್ಚುಂ ಬೆನ್. ‘ಬೆನ್’ ಎಂದರೆ ಪಿಂಡ. ಅದರ ಕೊನೆಯ ಮೂರು ದಿನ ಎಲ್ಲರೂ ತಮ್ಮೂರಿಗೆ ಹೋಗಿರುತ್ತಾರೆ. ಮಳೆಯ ಬಗ್ಗೆ ಕಾಸರಗೋಡಿನವರಿಗೆ ಹೇಳಿಕೊಡಬೇಕಾದ್ದಿಲ್ಲ; ಅಲ್ಲಿಯ ಮಳೆ ನಮ್ಮದರ ಅರ್ಧವೂ ಇಲ್ಲ, ಜೋರು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ, ಹೆಚ್ಚಾಗಿ ಮಧ್ಯಾಹ್ನದ ಮೇಲೆ. ನವೆಂಬರ್‌ನಿಂದ ಫೆಬ್ರವರಿ ಹಿತ, ಜನವೂ ಹೆಚ್ಚು.

ನಮ್ಮ ಜಿಲ್ಲೆಯವರು ಅಂಗ್‌ಕೋರ್‌ನಲ್ಲಿ ವಿಶೇಷವಾಗಿ ನೋಡಬೇಕಾದ ಒಂದು ವಸ್ತುವನ್ನು ಗೈಡುಗಳು ತೋರಿಸುವುದಿಲ್ಲ: ಕೆಂಪುಕಲ್ಲು. ಬೇಕಲ ಕೋಟೆ ಕಟ್ಟಿದ ಅದೇ ಜಾತಿಯ ಮುರಕಲ್ಲು. ಫ್ರಾನ್ಸಿಸ್ ಬುಕಾನನ್ ಮಲಪ್ಪುರದ ಅಂಗಾಡಿಪುರಂನಲ್ಲಿ ನೋಡಿದ ಕಲ್ಲಿಗೆ 1807ರಲ್ಲಿ ಲ್ಯಾಟರೈಟ್ ಎಂದು ಹೆಸರಿಟ್ಟ. ಅಂಗ್‌ಕೋರ್ ವಾಟ್‌ನ ಹೊರಮೈ ಮರಳುಗಲ್ಲು, ಒಳಗಿನ ತಿರುಳು ಈ ಕೆಂಪುಕಲ್ಲು. ಅಂಗ್‌ಕೋರ್ ಥೋಮ್ ಎಂಬ ರಾಜಧಾನಿಯ ಸುತ್ತಿನ ಕೋಟೆಗೋಡೆ ಎಂಟು ಮೀಟರ್ ಎತ್ತರ, ಒಂದೊಂದು ಬದಿ ಮೂರು ಕಿಲೋಮೀಟರ್, ಅದೂ ಕೆಂಪುಕಲ್ಲೇ. ಭೂಮಿಯೊಳಗಿಂದ ಕಡಿಯುವಾಗ ಮೆತ್ತಗೆ, ಗಾಳಿ ಬಿಸಿಲಿಗೆ ಬಿಟ್ಟರೆ ಗಟ್ಟಿ ಎಂಬ ಗುಣವನ್ನು ನಮ್ಮ ಕಲ್ಲುಕೋರೆಯವರಂತೆ ಅವರೂ ಬಲ್ಲರು. ತೂತು ತೂತಾದ ಈ ಕಲ್ಲಿನಲ್ಲಿ ಮೂಗು, ಕಣ್ಣು ಕೊರೆಯಲು ಆಗದು, ಹಾಗಾಗಿ ಶಿಲ್ಪಕ್ಕೆ ಕುಲೆನ್ ಬೆಟ್ಟದಿಂದ ಮರಳುಗಲ್ಲು ತಂದರು. ಖಮೇರಿನಲ್ಲಿ ಇದರ ಹೆಸರಿನ ಅರ್ಥ ‘ಒಣಗಿ ಹುರಿದ ಅನ್ನದ ಕಲ್ಲು’. ತಳ ಹತ್ತಿದ ಅನ್ನವನ್ನು ನೆನೆದರೆ ಹೆಸರು ಎಷ್ಟು ಸರಿ ಎಂದು ತಿಳಿಯುತ್ತದೆ. ಮಳೆಗಾಲದಲ್ಲಿ ಇದರ ಮೇಲೆ ಪಾಚಿ ಕಟ್ಟುತ್ತದೆ, ನಮ್ಮ ಅಂಗಳದ ಹಾಗೆಯೇ ಜಾರುತ್ತದೆ. ಸವೆದ ಅಟ್ಟೆಯ ಚಪ್ಪಲಿ ಬೇಡ. ಮರಳುಗಲ್ಲಿನ ಮೆಟ್ಟಿಲುಗಳು ಪಾದದ ಅರ್ಧಕ್ಕಿಂತ ಕಿರಿದು, ಅಡ್ಡಡ್ಡ ಕಾಲಿಟ್ಟು ಇಳಿಯಿರಿ.

ಎರಡನೇ ದಿನ ಬೆಳಗ್ಗೆ ಏಳೂವರೆಗೆ ಬಾಗಿಲು ತೆರೆದ ಕೂಡಲೇ ಬಾಯೊನ್, ಏಳನೇ ಜಯವರ್ಮನ ಕಲ್ಲುಮುಖಗಳ ಗುಡಿ. ಹತ್ತಾದರೆ ಬಸ್ಸುಗಳು ಬಂದು ತುಂಬುತ್ತವೆ. ಹನ್ನೊಂದರಿಂದ ಎರಡೂವರೆವರೆಗೆ ರೂಮಿಗೆ ಬಂದು ಮಲಗಿ, ಅಲ್ಲಿಯ ಬಿಸಿಲಲ್ಲಿ ಹಟ ಬೇಡ. ಮಧ್ಯಾಹ್ನದ ಮೇಲೆ ತಾ ಪ್ರೋಮ್. ಅದೇ ಜಯವರ್ಮ 1186ರಲ್ಲಿ ತಾಯಿಯ ಹೆಸರಿಗೆ ಕಟ್ಟಿಸಿದ್ದು. ಗೋಡೆಯನ್ನು ಅಪ್ಪಿ ಹಿಡಿದ ಬೇರುಗಳಲ್ಲಿ ಕೆಲವು ನಮ್ಮ ಗೋಳಿಮರದ ಬಳಗದವೇ. ಮರ ಕಡಿದರೆ ಗೋಡೆ ಬೀಳುತ್ತದೆ, ಬಿಟ್ಟರೆ ಬೇರು ಸೀಳುತ್ತದೆ. ಈ ಇಕ್ಕಟ್ಟಿನ ನಡುವೆ ಅಲ್ಲಿ ದುರಸ್ತಿ ಮಾಡುತ್ತ ಬಂದಿರುವುದು ನಮ್ಮ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆ. 1986ರಿಂದ 1993ರವರೆಗೆ ಅಂಗ್‌ಕೋರ್ ವಾಟ್‌ನಲ್ಲೂ ಕೆಲಸ ಮಾಡಿದ್ದು ಇದೇ ಇಲಾಖೆ. ಆ ದಿನಗಳಲ್ಲಿ ಅಲ್ಲಿ ಯುದ್ಧ ಇನ್ನೂ ನಿಂತಿರಲಿಲ್ಲ ಎಂಬುದನ್ನು ಮರೆತು ಅದರ ಕೆಲಸವನ್ನು ಟೀಕಿಸುವವರಿದ್ದಾರೆ.

ಮೂರನೇ ದಿನ ಬಂತೆಯ್ ಸ್ರೇ. ಪೇಟೆಯಿಂದ ಮೂವತ್ತೈದು ಕಿಲೋಮೀಟರ್ ಆಸುಪಾಸು, ಬೆಳಗ್ಗೆ ಬೇಗ ಹೊರಡಬೇಕು. 967ರಲ್ಲಿ ಪ್ರತಿಷ್ಠೆಯಾದ ಈ ಶಿವಾಲಯ ಚಿಕ್ಕದು, ಎಲ್ಲ ಗೋಪುರಗಳೂ ತಲೆ ಎತ್ತಿದರೆ ಕಣ್ಣಿಗೆ ಸಿಗುವಷ್ಟೇ ಎತ್ತರ. ಕಟ್ಟಿಸಿದವನು ಅರಸನಲ್ಲ, ಯಜ್ಞವರಾಹ ಎಂಬ ಆಸ್ಥಾನದ ಪಂಡಿತ. ಕೆಂಪು ಛಾಯೆಯ ಮರಳುಗಲ್ಲಿನಲ್ಲಿ ಮರದ ಕೆತ್ತನೆಯಷ್ಟು ಆಳವಾಗಿ ಕೊರೆದಿದ್ದಾರೆ. ‘ಗ್ರಂಥಾಲಯ’ ಎಂದು ಕರೆಯುವ ಎರಡು ಕಟ್ಟಡಗಳಲ್ಲಿ ದಕ್ಷಿಣದ್ದರ ಪೂರ್ವದ ಮುಖದಲ್ಲಿ ರಾವಣ ಕೈಲಾಸ ಅಲುಗಿಸುತ್ತಿದ್ದಾನೆ, ಪಶ್ಚಿಮದಲ್ಲಿ ಕಾಮದಹನ. ಉತ್ತರದ್ದರ ಪೂರ್ವದ ಮುಖದಲ್ಲಿ ಖಾಂಡವವನ: ಇಂದ್ರ ಮಳೆ ಸುರಿಸುತ್ತಾನೆ, ಮಳೆಯೆಂದರೆ ಓರೆಯಾಗಿ ಎಳೆದ ಗೀಟುಗಳು. ಕೃಷ್ಣಾರ್ಜುನರು ಎರಡು ಬದಿಗೆ, ಕಾಡಿನ ಪ್ರಾಣಿಗಳು ಕಂಗಾಲು. ಒಳಗಿನ ಅಂಗಳಕ್ಕೆ ಹಗ್ಗ ಕಟ್ಟಿ ತಡೆದಿರುವುದರಿಂದ ದೂರದಿಂದಲೇ ನೋಡಬೇಕು, ಚಿಕ್ಕ ದುರ್ಬೀನು ಒಯ್ದರೆ ಲಾಭ.

ಅಲ್ಲಿಂದ ಮುಂದೆ ಕ್ಬಾಲ್ ಸ್ಪಿಯನ್. ಒಂದೂವರೆ ಕಿಲೋಮೀಟರ್ ಕಾಡುದಾರಿ ಏರಿದರೆ ಹೊಳೆಯ ತಳದಲ್ಲೇ ಕೊರೆದ ಲಿಂಗಗಳ ಸಾಲು. ಶಿರಸಿ ಬಳಿಯ ಸಹಸ್ರಲಿಂಗ ಕಂಡವರಿಗೆ ಗುರುತು ಹತ್ತುತ್ತದೆ. ಶಾಲ್ಮಲೆಯಲ್ಲಿ ನೀರು ಇಳಿದಾಗ ಹೋಗಬೇಕು, ಇಲ್ಲಿ ತೆಳುವಾಗಿ ನೀರು ಹರಿಯುವಾಗ ಹೋದರೆ ಚೆಂದ. ಮಾರ್ಚ್, ಏಪ್ರಿಲ್‌ನಲ್ಲಿ ಹೊಳೆ ಬತ್ತಿರುತ್ತದೆ. ಗುರುತು ಹಾಕಿದ ದಾರಿ ಬಿಟ್ಟು ಕಾಡಿಗೆ ಇಳಿಯಬೇಡಿ, ನೆಲಬಾಂಬುಗಳು ಆ ದೇಶದಲ್ಲಿ ಹಳೆಯ ಕತೆಯಾಗಿ ಮುಗಿದಿಲ್ಲ.

ಮರಳುವಾಗ ಪ್ರೆಯಾ ದಾಕ್ ಎಂಬ ಹಳ್ಳಿಯ ರಸ್ತೆಬದಿಯಲ್ಲಿ ಗಾಡಿ ನಿಲ್ಲಿಸಿ. ಮಣ್ಣಿನ ಒಲೆಯ ಮೇಲೆ ಅಗಲ ಬಾಣಲೆಯಲ್ಲಿ ತಾಳೆಯ ನೀರಾ ಕುದಿಸುತ್ತಿರುತ್ತಾರೆ. ಪಾಕ ಗಟ್ಟಿಯಾಗಿ ಬಿಳಿಚುವವರೆಗೆ ತಿರುವಿ, ತಾಳೆಗರಿ ಸುತ್ತಿ ಮಾಡಿದ ಬಳೆಗಳೊಳಗೆ ಹೊಯ್ಯುತ್ತಾರೆ, ಆರಿದರೆ ಬಿಲ್ಲೆ. ನಮ್ಮ ಓಲೆಬೆಲ್ಲವೇ. ಬಿದಿರಿನ ಅಂಡೆಯಲ್ಲಿ ಅಂಟಕ್ಕಿ, ತೆಂಗಿನ ಹಾಲು, ಕಾಳು ತುಂಬಿ ಸುಟ್ಟ ಕ್ರಲಾನ್ ಕೂಡ ರಸ್ತೆಬದಿ ಸಿಗುತ್ತದೆ. ಸಸ್ಯಾಹಾರಿಗಳು ಧೈರ್ಯವಾಗಿ ತಿನ್ನಬಹುದಾದ ತಿಂಡಿ. ಉಳಿದ ಕಡೆ ಎಚ್ಚರ ಬೇಕು, ಬರೀ ತರಕಾರಿ ಎಂದು ಹೇಳಿದರೂ ಮೀನಿನ ಸಾರವಾದ ‘ತುಕ್ ತ್ರೈ’ ಬಿದ್ದಿರುತ್ತದೆ, ಅವರಿಗೆ ಅದು ಉಪ್ಪಿನ ಲೆಕ್ಕ. ‘ಮ್ಹೋಪ್ ಬುವಸ್’ ಎಂದು ಕೇಳಿ. ವ್ರತದ ಊಟ ಎಂಬ ಅರ್ಥ ಬರುತ್ತದೆ, ಬೇಗ ತಿಳಿಯುತ್ತದೆ.

ಹೋಗುವ ದಾರಿಯನ್ನು ಚುಟುಕಾಗಿ ಹೇಳುತ್ತೇನೆ. ಕೊಚ್ಚಿ ಅಥವಾ ಬೆಂಗಳೂರಿನಿಂದ ಬ್ಯಾಂಕಾಕ್, ಕ್ವಾಲಾಲಂಪುರ ಇಲ್ಲವೇ ಸಿಂಗಾಪುರ ಮೂಲಕ. ಎರಡು ಕಂಪನಿಯ ಬೇರೆ ಬೇರೆ ಟಿಕೆಟ್ ಅಗ್ಗ ಎಂದು ಮಾಡಿದರೆ ನಡುವೆ ಲಗೇಜು ಇಳಿಸಿಕೊಂಡು ಆ ದೇಶದೊಳಗೆ ಪ್ರವೇಶ ಪಡೆದು ಮತ್ತೆ ಹತ್ತಬೇಕು. ಬ್ಯಾಂಕಾಕಿನಲ್ಲಿ ನಿಲ್ದಾಣಗಳೂ ಎರಡು. ಒಂದೇ ಪಿಎನ್‌ಆರ್ ಇರಲಿ. ಬ್ಯಾಂಕಾಕಿನಿಂದ ಪೊಯ್‌ಪೆಟ್ ಗಡಿ ದಾಟಿ ಬಸ್ಸಿನಲ್ಲಿ ಹೋಗುವ ಸಲಹೆ ಇನ್ನೂ ಅಲ್ಲಲ್ಲಿ ಕಾಣುತ್ತದೆ. 2025ರಲ್ಲಿ ಎರಡು ದೇಶಗಳ ನಡುವೆ ಗುಂಡು ಹಾರಿ ಗಡಿ ಮುಚ್ಚಿದ ಮೇಲೆ ಆ ದಾರಿಯನ್ನು ನೆಚ್ಚಬಾರದು. ಪ್ರವಾಸಿ ವೀಸಾದ ದರ 30 ಡಾಲರ್. ಸರ್ಕಾರದ ತಾಣವನ್ನೇ ಹೋಲುವ ಖಾಸಗಿ ತಾಣಗಳು ಇದರ ದುಪ್ಪಟ್ಟು ಕೀಳುತ್ತವೆ, ವಿಳಾಸದ ಕೊನೆ ನೋಡಿ. ವಿಮಾನ ಹತ್ತುವ ಮುಂಚಿನ ಏಳು ದಿನದೊಳಗೆ ಇ-ಅರೈವಲ್ ಅರ್ಜಿಯನ್ನೂ ತುಂಬಬೇಕು, ಅದಕ್ಕೆ ಹಣವಿಲ್ಲ. ಯಾರಾದರೂ ಪ್ರವಾಸಿ ವೀಸಾದ ಮೇಲೆ ಕಾಂಬೋಡಿಯಾದಲ್ಲಿ ಡೇಟಾ ಎಂಟ್ರಿ ಕೆಲಸ ಕೊಡಿಸುತ್ತೇನೆ ಎಂದರೆ ಹೋಗಲೇಬೇಡಿ. ಆನ್‌ಲೈನ್ ವಂಚನೆಯ ಕೋಟೆಗಳಲ್ಲಿ ಸಿಕ್ಕಿಬಿದ್ದವರ ಬಗ್ಗೆ ನಮ್ಮ ವಿದೇಶಾಂಗ ಇಲಾಖೆಯೇ ಎಚ್ಚರಿಸಿದೆ.

ಡಾಲರ್ ಎಲ್ಲ ಕಡೆ ನಡೆಯುತ್ತದೆ, ಆದರೆ ಅಂಚು ಹರಿದ, ಶಾಯಿ ತಾಗಿದ ನೋಟು ನಡೆಯುವುದಿಲ್ಲ. ಇಲ್ಲಿ ಕೊಳ್ಳುವಾಗಲೇ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ, ನೂರರ ನೋಟು ಕಡಿಮೆ ಮಾಡಿ ಐದು, ಹತ್ತರವನ್ನು ಕೇಳಿ. ಒಂದು ಡಾಲರಿಗಿಂತ ಕಡಿಮೆ ಚಿಲ್ಲರೆಯನ್ನು ರಿಯಲ್‌ನಲ್ಲಿ ಕೊಡುತ್ತಾರೆ, ಡಾಲರಿಗೆ ಸುಮಾರು ನಾಲ್ಕು ಸಾವಿರದ ಲೆಕ್ಕ. ಆ ನೋಟುಗಳ ಮೇಲಿನ ಖಮೇರ್ ಅಂಕಿಗಳನ್ನು ನಮ್ಮ ೧, ೨, ೩ರ ಪಕ್ಕ ಇಟ್ಟು ನೋಡಿ. ಪಲ್ಲವ ಲಿಪಿಯಿಂದ ಬಂದ ಖಮೇರ್ ಅಕ್ಷರಗಳಿಗೂ ನಮ್ಮವಕ್ಕೂ ಇರುವ ಸಂಬಂಧ ಅಲ್ಲಿ ತಾನೇ ತೋರುತ್ತದೆ. ತರಕಾರಿ ಅಂಗಡಿಯ ದರದ ಹಲಗೆಯನ್ನು ಕನ್ನಡ ಶಾಲೆಯ ಮಕ್ಕಳು ಅರ್ಧ ಓದಿಬಿಡುತ್ತಾರೆ. ಮಲಯಾಳಂ ಮಾಧ್ಯಮದವರಿಗೆ ಈ ಲಾಭವಿಲ್ಲ ಎಂದು ಗಡಿನಾಡಿನವರು ಸ್ವಲ್ಪ ಬೀಗಬಹುದು.

ಪುರವಣಿಯಲ್ಲಿ ಇಷ್ಟೆಲ್ಲ ಹಾಕಲು ಜಾಗವಿಲ್ಲ ಎಂದು ಗೊತ್ತು. ವಿಮಾನ ನಿಲ್ದಾಣದ ದೂರ, ಸಂಜೆ ಐದರ ಟಿಕೆಟ್, ಬಕಾನ್ ಮುಚ್ಚುವ ದಿನಗಳು, ಈ ಮೂರನ್ನಾದರೂ ಮುಂದಿನ ಭಾನುವಾರ ತಿದ್ದುಪಡಿಯಾಗಿ ಹಾಕಿ. ಡಿಸೆಂಬರ್ ರಜೆಗೆ ಜನ ಈಗಲೇ ಮುಂಗಡ ಕಟ್ಟುತ್ತಿದ್ದಾರೆ.

ಇತಿ,
ಓರ್ವ ಓದುಗ, ಕುಂಬಳೆ, ಕಾಸರಗೋಡು ಜಿಲ್ಲೆ